ಮಳಿಯೋ ಬಳಿಯೋ

ಕಿವಿ ಮತ್ತು ಮಾತಿನ ಚಿಕಿತ್ಸೆ ಕಲಿಸುವ ಕಾಲೇಜಿನಲ್ಲಿ ನಾನು ಮೂರನೆಯ ವರ್ಷ ಓದುತ್ತಿದ್ದಾಗ, ತಪಾಸಣೆಯ ಶಿಬಿರಕ್ಕೆಂದು ಗಜೇಂದ್ರಗಡಕ್ಕೆ ಹೋದೆವು. ನನ್ನದೇ ಊರು, ನೇಕಾರರ ಮಗಳು ಬೇರೆ, ಜಂಬ ಕೇಳಬೇಕೇ? ಇಲ್ಲಿಯ ಜನರನ್ನು ನನಗೆ ಬಿಡಿ ಎಂದು ಗೆಳತಿಯರಿಗೆ ಹೇಳಿಬಿಟ್ಟಿದ್ದೆ.

ಯಂತ್ರದ ಪರೀಕ್ಷೆಗೆ ಮೊದಲು ನಾವು ಒಂದೊಂದೇ ಪದ ಮೆಲ್ಲಗೆ ಹೇಳಬೇಕು, ಬಂದವರು ಅದನ್ನೇ ತಿರುಗಿ ಹೇಳಬೇಕು. ಆಗ ಕಾಗದದಿಂದ ಬಾಯಿ ಮರೆಮಾಡಿಕೊಳ್ಳಿ ಎಂದು ಮೇಡಂ ಸಾವಿರ ಸಲ ಹೇಳಿದ್ದರು. ನನಗೆ ಅದು ಒಗ್ಗುತ್ತಲೇ ಇರಲಿಲ್ಲ. ಮಗ್ಗದ ಸಪ್ಪಳದಲ್ಲಿ ಬೆಳೆದವರು ನಾವು. ಎದುರಿಗೆ ನಿಂತು ತುಟಿ ಬಿಡಿಸಿಯೇ ಮಾತಾಡುವುದು. ಇಲ್ಲವಾದರೆ ಬಾಯಲ್ಲೇನು ಕಡಬು ಇಟ್ಟುಕೊಂಡಿದ್ದೀಯಾ ಎಂದು ಅವ್ವ ಬೈಯುತ್ತಿದ್ದಳು.

ಸೀರೆ ನೇಯುವ ಮನೆಯ ಅತ್ತೆಯೊಬ್ಬರು ಸೊಸೆಯನ್ನು ಕರೆತಂದರು. ಸೊಸೆಗೆ ಮೂವತ್ತು ದಾಟಿರಬಹುದು. ಕರೆದರೆ ಓ ಅನ್ನುವುದಿಲ್ಲ, ಕಿವಿ ಹೋಗಿವೆಯೋ ಸೊಕ್ಕೋ ಇವತ್ತು ತಿಳಿದುಹೋಗಲಿ ಎಂಬುದು ಅತ್ತೆಯ ಹಟ. ನಾನು ಬಾಯಿ ಮುಚ್ಚಿಕೊಳ್ಳದೆ ರೊಟ್ಟಿ, ಕದ, ತತ್ತಿ ಎನ್ನುತ್ತ ಹೋದೆ. ಆಕೆ ಪಟಪಟನೆ ತಿರುಗಿ ಹೇಳಿದಳು. ಮಳೆಗೆ ನಮ್ಮ ಕಡೆಯಂತೆ ‘ಮಳಿ’ ಎಂದಾಗ ಮಾತ್ರ ‘ಬಳಿ’ ಎಂದು ಕೈಬಳೆ ಮುಟ್ಟಿ ತೋರಿಸಿದಳು. ಒಂದು ತಪ್ಪಿದರೇನಾಯಿತು ಎಂದುಕೊಂಡು, ಕಿವಿ ಚೆನ್ನಾಗಿವೆ ಅಂತ ಬರೆದು, ಅತ್ತೆಗೂ ಹಾಗೇ ಹೇಳಿದೆ.

“ನಾ ಅಂದಿದ್ದಿಲ್ಲೇನ್ರಿ ಅಕ್ಕಾರ? ಕಿವಿ ಚಲೋ ಅದಾವ. ಸೊಕ್ಕ ಅಷ್ಟ.”

ಸೊಸೆ ತಲೆ ತಗ್ಗಿಸಿ ಎದ್ದು ಹೊರಟಳು. ಆಗ ಹೊಳೆಯಿತು ನನ್ನ ಮಂಕು ತಲೆಗೆ: ತುಟಿಯ ಮೇಲೆ ಮಳಿಯೂ ಬಳಿಯೂ ಒಂದೇ, ಆಕೆ ಕೇಳಿ ಹೇಳಿದ್ದಲ್ಲ, ನೋಡಿ ಹೇಳಿದ್ದು! ಬೆನ್ನ ಹಿಂದಿನಿಂದ ಕರೆದೆ. ತಿರುಗಲಿಲ್ಲ. ಅತ್ತೆಯೂ ಹೆಸರು ಹಿಡಿದು ಕರೆದರು. ಆಕೆ ಬಾಗಿಲ ಬಳಿ ಚಪ್ಪಲಿ ಹುಡುಕುತ್ತಲೇ ಇದ್ದಳು.

ಓಡಿಹೋಗಿ ಕೈಹಿಡಿದು ಕರೆತಂದು ಕೂರಿಸಿದೆ. ಬರೆದದ್ದನ್ನು ಹೊಡೆದು ಹಾಕಿದೆ. ಎಷ್ಟು ದಿನದಿಂದ ಹೀಗೆ ಎಂದು ಎದುರಿಗೆ ಕೂತು ಕೇಳಿದರೆ, ಎರಡನೆಯ ಹೆರಿಗೆ ಆದಾಗಿನಿಂದ ಎಂದಳು. ಮತ್ತೆ ಯಾಕೆ ಮನೆಯಲ್ಲಿ ಹೇಳಲಿಲ್ಲ?

“ಸೊಕ್ಕಿನಾಕಿ ಅಂದ್ರ ಬೈದು ಸುಮ್ಮನಾಗತಾರ್ರಿ. ಕಿವುಡಿ ಅಂತ ಗೊತ್ತಾದ್ರ ತವರಮನಿಗೆ ಕಳಸತಾರ.”

ಆಕೆ ಇಷ್ಟು ವರ್ಷ ಬೈಗುಳ ತಿಂದು ಕಾಪಾಡಿಕೊಂಡದ್ದನ್ನು ನಾನು ಒಂದು ಗಳಿಗೆಯಲ್ಲಿ ಬಯಲು ಮಾಡಿದ್ದೆ. ಅತ್ತೆ ಏನನ್ನುತ್ತಾರೋ ಎಂದು ಅವರ ಮುಖ ನೋಡಲೂ ಭಯವಾಯಿತು. ಅವರು ಸೊಸೆಯ ಹಿಂದೆ ನಿಂತಿದ್ದರು.

“ಯಾರ ಕಳಸತಾರ ನಿನ್ನ?” ಎಂದರು, ಮೆತ್ತಗೆ.

ಆಕೆಗೆ ಎಲ್ಲಿ ಕೇಳಬೇಕು? ನನ್ನನ್ನೇ ನೋಡುತ್ತ ಕೂತಿದ್ದಳು. ಅತ್ತೆ ಸುತ್ತು ಹಾಕಿ ಮುಂದೆ ಬಂದರು, ನನ್ನನ್ನು ಎಬ್ಬಿಸಿ ನನ್ನ ಕುರ್ಚಿಯಲ್ಲಿ ಕೂತರು, ಸೊಸೆಯ ಗದ್ದ ಹಿಡಿದೆತ್ತಿ ಅದೇ ಮಾತನ್ನು ಇನ್ನೊಮ್ಮೆ ಹೇಳಿದರು.