ಅತ್ತೆ ಕೂತು ನೋಡದ ಪೆಟ್ಟಿಗೆ

ನನ್ನ ಅತ್ತೆಯ ಕೆಲಸ ಏನೆಂದು ಯಾರಾದರೂ ಕೇಳಿದರೆ ಹೇಳುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿರುತ್ತದೆ. ಹಡಗಿನಿಂದ ಇಳಿಯುವ ಕಬ್ಬಿಣದ ಕುರ್ಚಿ, ಮಂಚ, ಕಪಾಟುಗಳು ಸುಂಕದ ಪಟ್ಟಿಯ ಯಾವ ಸಾಲಿಗೆ ಸೇರುತ್ತವೆಂದು ನೋಡಿ, ತರಿಸಿದವರ ಪರವಾಗಿ ಕಾಗದಕ್ಕೆ ಸಹಿ ಹಾಕುತ್ತಾರೆ. ಕೂರುವುದಕ್ಕೆ ಒಂದು ಸಾಲು, ಸಾಮಾನಿಡುವುದಕ್ಕೆ ಇನ್ನೊಂದು. ಇಪ್ಪತ್ತೆರಡು ವರ್ಷಗಳಲ್ಲಿ ಅವರ ಸಹಿಯ ಒಂದು ಕಾಗದವೂ ವಾಪಸು ಬಂದಿರಲಿಲ್ಲ. ಗುಟ್ಟು ಇಷ್ಟೇ: ಗೋದಾಮಿಗೆ ಹೋಗಿ ಬಳಸಿ ನೋಡದೆ ಪೆನ್ನು ತೆಗೆಯುವುದಿಲ್ಲ. ಕುರ್ಚಿಯಾದರೆ ಕೂರುತ್ತಾರೆ, ಮಂಚವಾದರೆ ಚಪ್ಪಲಿ ಬಿಟ್ಟು ಮಲಗುತ್ತಾರೆ. ಒಮ್ಮೆ ಹಾಗೇ ಕಣ್ಣು ಹತ್ತಿ, ಹಮಾಲರು "ಅಮ್ಮಾ, ನಿಮ್ಮನ್ನೂ ಸೇರಿಸಿ ಲಾರಿಗೆ ಹಾಕೋದಾ?" ಎಂದು ಎಬ್ಬಿಸಿದ್ದರಂತೆ.

ಕಳೆದ ತಿಂಗಳು ನನ್ನ ಮಗಳಿಗೆ ಮೂರು ದಿನ ಬಿಡದ ಜ್ವರ. ಇವರು ಊರಲ್ಲಿರಲಿಲ್ಲ. ಅತ್ತೆ ಮಗುವನ್ನು ಹೆಗಲಿಗೆ ಹಾಕಿಕೊಂಡೇ ಆಸ್ಪತ್ರೆಯ ಬೆಂಚಿನಲ್ಲಿ ಕ್ಯಾಟಲಾಗಿನ ಚಿತ್ರ ನೋಡಿ ಒಂದು ಕಾಗದ ಮುಗಿಸಿದರು. ಚಿತ್ರದಲ್ಲಿ ಹುಡುಗಿಯೊಬ್ಬಳು ಗಿಡ್ಡ ಕಬ್ಬಿಣದ ಪೆಟ್ಟಿಗೆಯ ಮೇಲೆ ಕೂತು ಶೂ ಕಟ್ಟಿಕೊಳ್ಳುತ್ತಿದ್ದಳು. ಅತ್ತೆ "ಆಸನ" ಎಂದು ಬರೆದರು.

ಈ ವಾರ ಸುಂಕದ ಕಚೇರಿಯಿಂದ ಕರೆ ಬಂತು. ಅದು ಶೂ ಇಡುವ ಕಪಾಟಂತೆ. ಆಸನಕ್ಕೆ ಸುಂಕ ಕಡಿಮೆ. ಬೇಕೆಂದೇ ಸುಳ್ಳು ಬರೆದದ್ದೆಂದು ತೀರ್ಮಾನವಾದರೆ ಅತ್ತೆಯ ಸಹಿಯ ಪರವಾನಗಿಯೇ ರದ್ದು.

"ನಾನೂ ಬರ್ತೀನಿ ಅತ್ತೆ. ಡಾಕ್ಟರ ಚೀಟಿ ತೋರಿಸ್ತೀನಿ."

"ಸುಂಕದವನ ಮುಂದೆ ಸುಖದುಃಖ ಹೇಳ್ಕೊಳ್ತಾರೇನೇ? ಬರೋದಾದ್ರೆ ಬಾಯಿ ಮನೇಲಿಟ್ಟು ಬಾ."

ಮಗುವನ್ನು ಎತ್ತಿಕೊಂಡು ಹಿಂದೆಯೇ ಹೋದೆ. ಗೋದಾಮಿನಲ್ಲಿ, ನನ್ನ ವಯಸ್ಸಿನ ಅಧಿಕಾರಿಯೊಬ್ಬರು ಪೆಟ್ಟಿಗೆಯ ಪಕ್ಕ ಕಾಗದ ಹಿಡಿದು ನಿಂತಿದ್ದರು. ಅತ್ತೆ ನೇರವಾಗಿ ಹೋಗಿ ಅದರ ಮೇಲೆ ಕೂತರು. ಮುಚ್ಚಳದ ತಗಡು ಟಣ್ ಎಂದು ಒಳಕ್ಕೆ ತಗ್ಗಿತು. ಎದ್ದಾಗ ಮತ್ತೆ ಟಣ್.

"ಇದು ಕೂರೋಕೆ ಮಾಡಿದ್ದಲ್ಲ ಸಾರ್. ಕಪಾಟೇ. ನಾನು ಬರೆದಿದ್ದು ತಪ್ಪು."

"ನೀವು ನೋಡದೆ ಸಹಿ ಹಾಕಲ್ಲ ಅಂತಾರಲ್ಲಮ್ಮ ಎಲ್ರೂ?"

"ಈ ಸಲ ನೋಡ್ಲಿಲ್ಲ."

"ಯಾಕೆ?"

ನನ್ನ ಬಾಯಿ ತೆರೆದೇಬಿಟ್ಟಿತ್ತು. ಅತ್ತೆ ತಿರುಗಿ ನೋಡಿದ ನೋಟಕ್ಕೆ ತಾನೇ ಮುಚ್ಚಿಕೊಂಡಿತು.

"ನೋಡ್ಬೇಕಿತ್ತು, ನೋಡ್ಲಿಲ್ಲ. ಹಾಗೇ ಬರ್ಕೊಳ್ಳಿ ಸಾರ್."

ಅಧಿಕಾರಿ ತಾವೂ ಬಗ್ಗಿ ಮುಚ್ಚಳವನ್ನು ಒಮ್ಮೆ ಒತ್ತಿ ನೋಡಿದರು. "ಬೇಕಂತ ಸುಳ್ಳು ಬರೆದವರು ತಾವೇ ಕೂತು ತೋರಿಸಲ್ಲ," ಎಂದರು. ಪೆಟ್ಟಿಗೆ ಕಪಾಟಿನ ಸಾಲಿಗೆ ಹೋಯಿತು. ಪರವಾನಗಿ ಉಳಿಯಿತು, ಅಜಾಗರೂಕತೆ ಎಂದು ಅತ್ತೆಯ ಫೈಲಿಗೆ ಮೊದಲ ಎಚ್ಚರಿಕೆ ಸೇರಿತು.

ಬಸ್ ನಿಲ್ದಾಣದಲ್ಲಿ ನನಗೆ ತಡೆಯಲಾಗಲಿಲ್ಲ. "ಜ್ವರದ ವಿಷಯ ಹೇಳಿದ್ರೆ ಆ ಎಚ್ಚರಿಕೇನೂ ಬೀಳ್ತಿರಲಿಲ್ವೇನೋ."

"ಬೀಳ್ತಿರಲಿಲ್ಲ. ಆದ್ರೆ ಆ ಫೈಲು ನಾನು ಕೆಲಸ ಬಿಟ್ಟ ಮೇಲೂ ಅಲ್ಲೇ ಇರುತ್ತೆ ಕಣೇ. ನನ್ನ ತಪ್ಪಿನ ಪಕ್ಕ ನನ್ನ ಮೊಮ್ಮಗಳು ಯಾಕೆ? ಪಾಪ, ಅದಕ್ಕೆ ಜ್ವರ ಬಂದಿತ್ತು. ಅದೇನು ಪೆನ್ನು ಹಿಡಿದಿತ್ತಾ?"

ನನ್ನ ಕಣ್ಣು ತುಂಬಿದ್ದನ್ನು ಕಂಡರೋ ಇಲ್ಲವೋ, ಮಗುವಿಗೆ ಕೈ ಚಾಚಿದರು.

"ತಾ ಅವಳನ್ನ. ಅಗೋ ಬಸ್ಸು, ಓಡಿಹೋಗಿ ನಿಲ್ಸು."