ಎರಡಕ್ಷರದ ಗುರಿ

2011ರ ಜೂನ್‌ನಲ್ಲಿ ನಾನು ಕನಕಪುರ ತಾಲ್ಲೂಕಿನಲ್ಲಿ ಸಂಪನ್ಮೂಲ ಶಿಕ್ಷಕಿಯಾಗಿದ್ದೆ. ತೀವ್ರ ಅಂಗವೈಕಲ್ಯದಿಂದ ಶಾಲೆಗೆ ಬರಲಾಗದ ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವುದು ನನ್ನ ಕೆಲಸ. ಹೇಳುವುದು ಎಂದರೆ ವಾರಕ್ಕೊಂದು ದಿನ, ಅದೂ ಬಸ್ಸು ಸಿಕ್ಕರೆ. ಉಳಿದ ಆರು ದಿನ ತಾಯಿಯೇ ಮೇಷ್ಟ್ರು.

ಸಾತನೂರಿನ ಆಚೆಯ ಹಳ್ಳಿಯೊಂದರಲ್ಲಿ ಸುಮ ಎಂಬ ಒಂಬತ್ತು ವರ್ಷದ ಹುಡುಗಿಯಿದ್ದಳು. ಅವಳಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿಗೆ ಪೆಟ್ಟಾಗಿ ಕೈಕಾಲು ಹೇಳಿದಂತೆ ಕೇಳದ ಸ್ಥಿತಿ. ಮಾತಿಲ್ಲ, ನಡೆಯಲಾರಳು. ಎಡಗೈ ಮಾತ್ರ ಅಷ್ಟಿಷ್ಟು ಆಡುತ್ತಿತ್ತು. ನಾನು ಮೊದಲ ಸಲ ಹೋದ ದಿನ ಆ ಮನೆಯಲ್ಲಿ ರೇಷ್ಮೆ ಹುಳು ಹಣ್ಣಾಗಿದ್ದವು. ಮೇವು ಬಿಟ್ಟು ಹಣ್ಣಾದ ಹುಳುವನ್ನು ಆಯ್ದು, ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು. ಬೆರಳು ಬಿಗಿಯಾದರೆ ಹುಳು ಕೆಟ್ಟುಹೋಗುತ್ತದೆ. ಗೋಡೆಗೊರಗಿ ಕೂತಿದ್ದ ಸುಮ ಎರಡೇ ಬೆರಳಲ್ಲಿ ಹಳದಿಗೆ ತಿರುಗಿದ ಹುಳುವನ್ನೇ ಹುಡುಕಿ ಎತ್ತಿ ಬಿಡುತ್ತಿದ್ದಳು. ಒಂದೊಂದಕ್ಕೂ ಎರಡು ಮೂರು ನಿಮಿಷ. ಬಿಟ್ಟ ಮೇಲೊಂದು ನಗು.

“ಅವ್ಳಿಗೆ ಅದೊಂದಾಟ ಕಣಿ ಮೇಡಂ,” ಎಂದರು ತಾಯಿ ಜಯಮ್ಮ. ನಾನೂ ಆಟವೆಂದೇ ಬಗೆದೆ. ನನ್ನ ನಮೂನೆಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಹೊರಡುವಾಗ ಜಯಮ್ಮ, “ಇವ್ಳು ತನ್ನೆಸ್ರು ಬರ್ದಾಳಾ ಮೇಡಂ?” ಎಂದು ಕೇಳಿದರು. ಉತ್ತರ ನನಗೆ ಗೊತ್ತಿತ್ತು. ಆ ಮುಖ ನೋಡಿ ಹೇಳಲು ಬಾಯಿ ಬರಲಿಲ್ಲ. “ಎರಡೇ ಅಕ್ಷರ ತಾನೆ? ಬಿಡದೆ ಬರೆಸಿ, ಮಾರ್ಚ್ ಹೊತ್ತಿಗೆ ಬರೀತಾಳೆ,” ಎಂದುಬಿಟ್ಟೆ. ಗುರಿಯ ಕಾಲಂನಲ್ಲೂ ಅದನ್ನೇ ತುಂಬಿದೆ.

ಜಯಮ್ಮ ಬಿಡಲಿಲ್ಲ. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದು ಒಂದು ಗಂಟೆ, ಸಂಜೆ ಒಂದು ಗಂಟೆ, ಮಗಳ ಬೆರಳಿಗೆ ಪೆನ್ಸಿಲನ್ನು ಬಟ್ಟೆಯಿಂದ ಕಟ್ಟಿ, ಮೇಲೆ ತಮ್ಮ ಕೈಯಿಟ್ಟು ತಿದ್ದಿಸಿದರು. ಹೊತ್ತು ಹಾಳಾಗುತ್ತದೆಂದು ಹುಳುವಿನ ತಟ್ಟೆಯ ಬಳಿ ಕೂರಿಸುವುದನ್ನೂ ನಿಲ್ಲಿಸಿದರು. ನೋಟ್‌ಬುಕ್ಕಿನಲ್ಲಿ ‘ಸುಮ’ ದುಂಡಗಾಗುತ್ತ ಬಂತು. ಅದು ತಾಯಿಯ ಕೈಬರಹವೆಂದು ತಿಳಿಯದಷ್ಟು ದಡ್ಡಿಯಲ್ಲ ನಾನು. ಆದರೂ ‘ಪ್ರಗತಿ ಇದೆ’ ಎಂದು ವರದಿ ಕೊಟ್ಟೆ. ಜನವರಿ ಹೊತ್ತಿಗೆ ನನ್ನ ಬ್ಯಾಗು ಕಂಡರೆ ಸಾಕು, ಸುಮ ಎಡಗೈಯನ್ನು ಮುಷ್ಟಿ ಮಾಡಿ ಎದೆಗೆ ಒತ್ತಿಕೊಳ್ಳುತ್ತಿದ್ದಳು.

ಮಾರ್ಚ್‌ನಲ್ಲಿ, ಬರೆಸುವುದು ಸಾಕೆಂದು ಹೇಳಲೆಂದೇ ಹೋದೆ. ಆ ದಿನವೂ ಹುಳು ಹಣ್ಣಾಗಿದ್ದವು. ಸುಮಳನ್ನು ಎತ್ತಿ ತಟ್ಟೆಯ ಮುಂದೆ ಕೂರಿಸಿದೆ. ಅವಳು ಹುಳುಗಳನ್ನು ನೋಡಿದಳು. ಕೈ ಬಿಚ್ಚಲಿಲ್ಲ. ನಾನು ಬೆರಳು ಬಿಡಿಸಲು ಹೋದರೆ ಚೀರಿಕೊಂಡಳು.

ಜಯಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡರು. “ತಪ್ಪು ನಂದೇ ಮೇಡಂ. ನಾನು ಇನ್ನೊಸಿ ಬರೆಸ್ಬೇಕಿತ್ತು.”

ಅಲ್ಲ, ತಪ್ಪು ನನ್ನದು ಎನ್ನಬೇಕಿತ್ತು. “ಇನ್ನು ಬರೆಸಬೇಡಿ” ಎಂದಷ್ಟೇ ಹೇಳಿ ಬಸ್ಸು ಹತ್ತಿದೆ. ಅದಕ್ಕಾಗಿ ಇವತ್ತಿಗೂ ನನ್ನ ಮೇಲೆ ನನಗೆ ಅಸಹ್ಯವಿದೆ.

ಆಮೇಲೆ ಯಾವ ಮನೆಗೆ ಹೋದರೂ, ಈ ಮಗು ಏನು ಕಲಿಯಬೇಕು ಎನ್ನುವ ಮುನ್ನ, ಈಗ ಏನು ಮಾಡುತ್ತಿದೆ ಎಂದು ಅರ್ಧ ದಿನ ಕೂತು ನೋಡುತ್ತಿದ್ದೆ. ಆಗದ್ದನ್ನು ಆಗುವುದಿಲ್ಲ ಎಂದು ತಾಯಂದಿರಿಗೆ ಮುಖಕ್ಕೆ ಹೇಳುವುದನ್ನೂ ಕಲಿತೆ. ನಿವೃತ್ತಿಗೆ ಮುಂಚೆ ಕೊನೆಯ ಸಲ ಆ ಮನೆಗೆ ಹೋದಾಗ ಸುಮಳ ಮುಷ್ಟಿ ಹಾಗೆಯೇ ಇತ್ತು.