ಹಚ್ಚಿ ತೆಗೀರಿ

ನನ್ನ ಕ್ಯಾಮೆರಾದ ಹೆಸರಿನಿಂದಲೇ ಜಗಳ ಶುರುವಾಗುತ್ತದೆ. ಮೀಡಿಯಂ ಫಾರ್ಮ್ಯಾಟ್ ಅಂದ ಕೂಡಲೇ ಗಂಗಾವತಿಯ ಗಿರಾಕಿಗಳು, "ಮೀಡಿಯಂ ಯಾಕ ತಂದ್ರಿ ಸರ, ಲಾರ್ಜ್ ಇರಲಿಲ್ಲೇನು?" ಅಂತ ಅಂಗಿ ಕೊಳ್ಳಲು ಬಂದವರ ಹಾಗೆ ಕೇಳುತ್ತಾರೆ. ಮೊದಮೊದಲು ತಾಳ್ಮೆಯಿಂದ ತಿಳಿಸಿ ಹೇಳುತ್ತಿದ್ದೆ. ಇದರೊಳಗಿನ ಸೆನ್ಸರ್ ಮಾಮೂಲಿ ಕ್ಯಾಮೆರಾದ್ದಕ್ಕಿಂತ ದೊಡ್ಡದು, ಫೋಟೋವನ್ನು ಗೋಡೆಯಷ್ಟು ಹಿಗ್ಗಿಸಿದರೂ ಹುಬ್ಬಿನ ಕೂದಲು ಒಂದೊಂದೂ ಬೇರೆಯಾಗಿ ಕಾಣುತ್ತದೆ ಅಂತ. ಈಗ ಹೇಳುವುದಿಲ್ಲ. ಹೇಳಿದರೆ, "ಹಂಗಾರ ಮಾರಿ ಮ್ಯಾಲಿನ ಕಲಿನೂ ಕಾಣ್ತಾವೇನ್ರಿ?" ಅಂತ ಮುಖ ಸಿಂಡರಿಸುತ್ತಾರೆ. ಕಾಣಲೇಬೇಕು. ಅದಕ್ಕೇ ತಂದದ್ದು.

ಮುಖ ತಮ್ಮದು, ಬೈಗುಳ ಕ್ಯಾಮೆರಾಕ್ಕೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮದುವೆಯಾಗುವ ಜೋಡಿಗಳನ್ನು ಸಾಣಾಪುರದ ಕೆರೆ ದಂಡೆಗೆ ಕರೆದೊಯ್ದು ಫೋಟೋ ತೆಗೆಯುವುದನ್ನೂ ಇದೇ ಸಿಟ್ಟಿಗೆ ಬಿಟ್ಟೆ. ಅವರಿಗೆಲ್ಲ ಹಿಟ್ಟು ಬಳಿದಂಥ ಮುಖ ಬೇಕು. ಅಂಥ ಮುಖ ಅವರ ಫೋನಿನಲ್ಲೇ ಬರುತ್ತದೆ, ನಾನ್ಯಾಕೆ ಬೇಕು?

ಹೀಗೆ ಎಲ್ಲರ ಮೇಲೂ ಹಲ್ಲು ಕಡಿಯುತ್ತಿದ್ದ ಹೊತ್ತಿನಲ್ಲಿ ಒಬ್ಬ ಗುತ್ತಿಗೆದಾರರ ಫೋನ್ ಬಂತು. ಕಡಲ ದಂಡೆಯದಲ್ಲ, ಯಲಬುರ್ಗಾ ಕಡೆಯ ಮಂಗಳೂರೆಂಬ ಹಳ್ಳಿಯವರು. ರಸ್ತೆ ಕೆಲಸದಲ್ಲಿ ಮೇಲೆ ಬಂದು ಕೊಪ್ಪಳದಲ್ಲಿ ಮನೆ ಕಟ್ಟಿಸಿದ್ದರು. ಹೊಸ ಮನೆಯ ಹಾಲ್‌ನಲ್ಲಿ, ತೀರಿಕೊಂಡ ತಂದೆಯ ಫೋಟೋದ ಪಕ್ಕದಲ್ಲಿ, ತಾಯಿಯ ದೊಡ್ಡ ಫೋಟೋ ಬೇಕಿತ್ತು.

"ಅವ್ವನ್ನ ಡ್ರೈವರ್ ಕರ್ಕೊಂಡು ಬರ್ತಾನ್ರಿ. ಆಕಿ ಗದ್ದದ ಮ್ಯಾಲ ಹಚ್ಚಿ ಐತಿ. ಅದನ್ನ ಛಂದಂಗ ತೆಗೀರಿ. ಒಂದ ಚುಕ್ಕಿನೂ ಬಿಡಬ್ಯಾಡ್ರಿ," ಅಂದರು.

ನನಗೆ ಸ್ವರ್ಗಕ್ಕೆ ಮೂರೇ ಗೇಣು. ಹಚ್ಚೆ ಕಾಣಬೇಕು ಅನ್ನುವ ಗಿರಾಕಿ ಈ ಸೀಮೆಯಲ್ಲಿ ಒಬ್ಬನಾದರೂ ಹುಟ್ಟಿದನಲ್ಲ ಅಂದುಕೊಂಡೆ.

ತಾಯಿ ನನ್ನ ಸ್ಟುಡಿಯೋಕ್ಕೆ ಬಂದರು. ಹೊಸ ರೇಷ್ಮೆ ಸೀರೆ ಮೈಗೆ ಚುಚ್ಚುತ್ತಿತ್ತೋ ಏನೋ, ಸ್ಟೂಲಿನ ತುದಿಯಲ್ಲಿ ಬಿಗಿಯಾಗಿ ಕೂತರು. ಗದ್ದದ ಮೇಲೆ ಮೂರು ಹಸಿರು ಚುಕ್ಕಿ. ನಾನು ಲೈಟನ್ನು ಆಚೀಚೆ ಸರಿಸಿ ಒಂದು ಫೋಟೋ ತೆಗೆದು ಕಂಪ್ಯೂಟರಿನಲ್ಲಿ ತೋರಿಸಿದೆ. ಆಕೆ ಎದ್ದು ಬಂದು ಪರದೆಯ ಮೇಲಿನ ಚುಕ್ಕಿಗಳನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟಿದರು.

"ಬೇವೂರಾಗ ನಮ್ಮವ್ವ ತೊಡಿ ಮ್ಯಾಲ ಕುಂದ್ರಿಸ್ಕೊಂಡು ಹಾಕಿಸಿದ್ದು ತಮ್ಮಾ. ಅತ್ತೂ ಕರದೂ ಮಾಡಿದ್ದೆ. ಸತ್ತಾಗ ಬಂಗಾರ ಬಿಚ್ಕೊಂತಾರ, ಇದನ್ನ ಬಿಚ್ಚಾಕ ಬರಂಗಿಲ್ಲ, ಮ್ಯಾಲ ಬಂದಾಗ ಇದರ ಮ್ಯಾಲ ನಿನ್ನ ಗುರ್ತ ಹಿಡೀತೀನಿ ಅಂದಿದ್ಲು." ಸೆರಗು ಸರಿಪಡಿಸಿಕೊಂಡು ಅಂದರು, "ನಾ ಹ್ವಾದ ಮ್ಯಾಲ ಮೊಮ್ಮಕ್ಕಳು ನನ್ನ ನೋಡೂದು ಗ್ವಾಡಿ ಮ್ಯಾಲ. ಅಲ್ಲೂ ಇದು ಇರಬೇಕು ನೋಡು."

"ಇರ್ತಾವ ಯವ್ವಾ. ಒಂದ ಚುಕ್ಕಿನೂ ಬಿಡಬ್ಯಾಡ್ರಿ ಅಂತ ನಿನ್ನ ಮಗಾನ ಹೇಳ್ಯಾರ," ಅಂದೆ.

"ಅವ ಹೇಳಿದ್ನಾ?"

ಸ್ಟೂಲಿಗೆ ವಾಪಸು ಹೋಗಿ ಕೂತ ಆ ಮುದುಕಿ ನಕ್ಕ ನಗೆಯನ್ನು ನಾನು ಅವತ್ತಿನವರೆಗೆ ಯಾವ ಗಿರಾಕಿಯ ಮುಖದಲ್ಲೂ ಕಂಡಿರಲಿಲ್ಲ. ಅದನ್ನೇ ಹಿಡಿದೆ. ಬೇರೆ ಫೋಟೋ ಬೇಕಾಗಲಿಲ್ಲ.

ಫೋಟೋ ನೋಡಲು ಬಂದ ಗುತ್ತಿಗೆದಾರರು ಕುರ್ಚಿಯ ಮೇಲೆ ಕೂರಲೂ ಇಲ್ಲ.

"ಏನ್ರಿ ಇದು? ಹಚ್ಚಿ ತೆಗೀರಿ ಅಂದಿದ್ನಲ್ಲ."

"ತೆಗದೀನಲ್ರಿ ಸಾವ್ಕಾರ್ರ. ಮೂರೂ ಬಂದಾವ ನೋಡ್ರಿ."

"ತೆಗೀರಿ ಅಂದ್ರ ಅಳಸ್ರಿ ಅಂತರೀ. ನಾಳೆ ಮನಿಗೆ ದೊಡ್ಡ ದೊಡ್ಡ ಮಂದಿ ಬರ್ತಾರ. ಎಮ್ಮಿ ಕಾಯೋರ ಮನಿ ಅಂತಾರ."

ನನಗೆ ಪಿತ್ತ ನೆತ್ತಿಗೇರಿತು. "ನಿಮ್ಮವ್ವ ಎಮ್ಮಿ ಕಾದು ನಿಮ್ಮನ್ನ ಇಷ್ಟು ದೊಡ್ಡವ್ರನ್ನ ಮಾಡ್ಯಾರ. ಫೋಟೋ ತೆಗೆಯೋದು ನನ್ನ ಕೆಲಸರಿ, ಹಚ್ಚಿ ತೆಗೆಯೋದು ಅಲ್ಲ," ಅಂದೆ.

"ನಿಮ್ಮ ಕ್ಯಾಮೆರಾ ನೀವ ಇಟ್ಕೊಂಡು ಪೂಜಿ ಮಾಡ್ರಿ. ಫೈಲ್ ಕೊಡ್ರಿ ಮೊದ್ಲ."

ಕೊಟ್ಟೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಳಿಸುವವರು ಕೊಪ್ಪಳದಲ್ಲಿ ಸಿಕ್ಕೇ ಸಿಗುತ್ತಾರೆ ಅಂತ ನನಗೂ ಗೊತ್ತಿತ್ತು.

ಗೃಹಪ್ರವೇಶವಾಗಿ ಕೆಲವು ವಾರಗಳ ಮೇಲೆ ಮತ್ತೆ ಅವರದೇ ಫೋನ್. ನಮಸ್ಕಾರವಿಲ್ಲ, ಏನಿಲ್ಲ. "ನಿಮ್ಮ ಫೋಟೋ ಕೆಡಾಕತ್ತೇತ್ರಿ. ಗದ್ದದ ಮ್ಯಾಲ ಕರೇ ಕಲಿ ಬೀಳಾಕತ್ತಾವ. ಒರಸಿದ್ರ ಹೊಕ್ಕಾವ, ಮರುದಿನ ಮತ್ತ ಬರ್ತಾವ."

"ಆ ಪ್ರಿಂಟ್ ನಾ ಮಾಡಿದ್ದಲ್ಲ."

"ಕೆಳಗ ನಿಮ್ಮ ಸ್ಟುಡಿಯೋದ ಹೆಸರು ಐತಲ್ಲ."

ಮುದುಕಿಯ ಹಚ್ಚೆ ಅಳಿಸಿದ ಪುಣ್ಯಾತ್ಮರು ಮೂಲೆಯಲ್ಲಿದ್ದ ನನ್ನ ಹೆಸರನ್ನು ಮಾತ್ರ ಹಾಗೇ ಬಿಟ್ಟಿದ್ದರು. ಮೈಯೆಲ್ಲ ಉರಿದುಹೋಯಿತು. ಮರುದಿನವೇ ಕೊಪ್ಪಳದ ಬಸ್ಸು ಹತ್ತಿದೆ, ರಿಪೇರಿಗಲ್ಲ, ಜಗಳಕ್ಕೆ.

ಸೋಫಾದ ಮೇಲುಗಡೆ ಫೋಟೋ ಇತ್ತು. ಗದ್ದ ಬೇಯಿಸಿ ಸುಲಿದ ತತ್ತಿಯ ಹಾಗೆ ನುಣ್ಣಗಾಗಿತ್ತು. ನಗೆ ಮಾತ್ರ ಇದ್ದಂತೆಯೇ ಇತ್ತು. ಗಾಜಿನ ಮೇಲೆ ಮೂರು ಕಪ್ಪು ಚುಕ್ಕಿ. "ಒರಸಿ ತೋರಿಸ್ತೀನಿ ನೋಡ್ರಿ," ಅಂತ ಗುತ್ತಿಗೆದಾರರು ಕರವಸ್ತ್ರದಿಂದ ತಿಕ್ಕಿದರು. ಚುಕ್ಕಿಗಳು ಹೋದವು.

ಅಷ್ಟರಲ್ಲಿ ತಾಯಿ ಒಳಗಿನಿಂದ ಕಾಡಿಗೆ ಡಬ್ಬಿ ಹಿಡಿದು ಬಂದರು. ಸೋಫಾದ ಮೇಲೆ ಮೊಣಕಾಲೂರಿ, ಬೆರಳ ತುದಿಯಿಂದ ಗಾಜಿನ ಮೇಲೆ ಮೂರು ಚುಕ್ಕಿ ಇಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

"ತಮ್ಮಾ, ನೀ ಚುಕ್ಕಿ ಬಿಟ್ಟಬಿಟ್ಟೀಯಲ್ಲ. ಅದಕ್ಕ ದಿನಾ ನಾನ ಹಚ್ಚತೀನಿ."

ಸುಮ್ಮನಿರಬಹುದಿತ್ತು. ಮಾಡದ ತಪ್ಪನ್ನು ಹೊರುವ ಜಾಯಮಾನ ನನ್ನದಲ್ಲ. "ನಾ ಬಿಟ್ಟಿಲ್ಲ ಯವ್ವಾ. ನಿನ್ನ ಮಗಾನ ತೆಗಿಸ್ಯಾರ."

ಆಕೆ ಮಗನ ಕೈಯಲ್ಲಿದ್ದ ಕರವಸ್ತ್ರ ನೋಡಿದರು. ಅದರ ಮೇಲೆ ಕಾಡಿಗೆ ಅಂಟಿತ್ತು.

"ಹಂಗಾರ ಚುಕ್ಕಿ ಬಿಡಬ್ಯಾಡ ಅಂತ ನೀ ಹೇಳಿದ್ದು ಅಳಸಾಕೇನು?"

"ಹಂಗಲ್ಲಬೇ ಯವ್ವಾ, ಮಂದಿ ಬರ್ತಾರ..."

"ಬರ್ಲಿ. ನೀ ತೆಗೀತಿರು, ನಾ ಹಚ್ಚತಿರತೀನಿ." ಆಕೆ ಡಬ್ಬಿಯ ಮುಚ್ಚಳ ಹಾಕಿ, ಮತ್ತೊಮ್ಮೆ ಫೋಟೋದತ್ತ ನೋಡಿದರು. "ಆ ನಗಿ ಐತಲ್ಲ, ಅದನ್ನೂ ತೆಗಿಸಿಬಿಡು. ಚುಕ್ಕಿ ಇರಲಿ ಅಂತ ನೀ ಹೇಳೀದಿ ಅಂದಿದ್ದಕ್ಕ ನಕ್ಕಿದ್ದೆ ನಾ."